ಅವಳು ಓಡಿಸಿದಾಗ ಮಾತ್ರ

ಆ ಮನೆಯ ಹಿರಿಸೊಸೆಗೆ ಸಿಟ್ಟು ಬರುವುದು ಅಪರೂಪ. ಬಂತೆಂದರೆ ಮೂಗಿನ ತುದಿ ಕೆಂಪಾಗುತ್ತದೆ, ಮಾತು ನಿಧಾನವಾಗುತ್ತದೆ. ಆ ಮಂಗಳವಾರ ಬೆಳಿಗ್ಗೆ ನಾಲ್ಕು ರಸ್ತೆ ಕೂಡುವಲ್ಲಿ, ಹಸಿರು ದೀಪದ ಕೆಳಗೆ, ಬೆನ್ನ ಹಿಂದೆ ಹದಿನೈದು ಗಾಡಿಗಳು ಬಾಯಿ ಬಡಿದುಕೊಳ್ಳುತ್ತಿರುವಾಗ, ನಿಂತುಹೋದ ವ್ಯಾನಿನಲ್ಲಿ ಕೂತು ಅವಳು ಬಹಳ ನಿಧಾನವಾಗಿ, "ಇದು ಹನ್ನೊಂದನೇ ಸಲ," ಎಂದಳು. ಕೇಳಿಸಿಕೊಳ್ಳಲು ಪಕ್ಕದ ಸೀಟಿನಲ್ಲಿ ಬ್ಯಾಂಡೇಜಿನ ಪೆಟ್ಟಿಗೆ ಬಿಟ್ಟರೆ ಬೇರಾರೂ ಇರಲಿಲ್ಲ.

ವ್ಯಾನು ಕೆಮ್ಮಲಿಲ್ಲ, ಹೊಗೆ ಬಿಡಲಿಲ್ಲ, ನಿಲ್ಲುತ್ತೇನೆ ಅಂತ ಸೂಚನೆಯನ್ನೂ ಕೊಡಲಿಲ್ಲ. ದೀಪ ಉರಿಯುತ್ತಿತ್ತು, ಹಾರ್ನ್ ಕೂಗುತ್ತಿತ್ತು, ಕೀ ತಿರುಗಿಸಿದರೆ ಸ್ಟಾರ್ಟರ್ ಕರಕರ ಎನ್ನುತ್ತಿತ್ತು. ಎಂಜಿನ್ ಮಾತ್ರ ಜಪ್ಪಯ್ಯ ಅಂದರೂ ಹಿಡಿಯಲಿಲ್ಲ. ಟ್ರಾಫಿಕ್ ಪೊಲೀಸಿನವನು ಬಂದ. "ಇಳೀರಿ ಮೇಡಂ, ನಾನು ನೋಡ್ತೀನಿ," ಎಂದ. ಸ್ಟಿಯರಿಂಗಿಗೂ ಸೀಟಿಗೂ ನಡುವೆ ಇದ್ದ ಇಷ್ಟೇ ಇಷ್ಟು ಜಾಗ ನೋಡಿ, "ಇದರಲ್ಲಿ ಮನುಷ್ಯರು ಹಿಡೀತಾರಾ?" ಎಂದು ನಕ್ಕ. ಲಿವರ್ ಎತ್ತಿ ಸೀಟನ್ನು ಕಟಕಟನೆ ಹಿಂದಕ್ಕೆ ತಳ್ಳಿ, ಕಾಲು ಚಾಚಿ ಕೂತು ಕೀ ತಿರುಗಿಸಿದ. ವ್ಯಾನು ಒಂದೇ ಸಲಕ್ಕೆ ಹೊತ್ತಿಕೊಂಡಿತು, ಏನೂ ಆಗಿಯೇ ಇಲ್ಲವೆಂಬಂತೆ.

"ಕ್ಲಚ್ ಮೆತ್ತಗೆ ಬಿಡಬೇಕು ಮೇಡಂ," ಎಂದು ಉಪದೇಶ ಕೊಟ್ಟು ಇಳಿದು ಹೋದ.

ಹದಿನಾಲ್ಕು ವರ್ಷದಿಂದ ಗಾಡಿ ಓಡಿಸುತ್ತಿರುವವಳಿಗೆ ನಡುಬೀದಿಯಲ್ಲಿ ನಿಲ್ಲಿಸಿ ಕ್ಲಚ್ಚಿನ ಪಾಠ! ಅವಳು ಪೆಟ್ಟಿಗೆ ಸರಿಪಡಿಸಿಕೊಂಡಳು, ಸೀಟು ಮುಂದಕ್ಕೆಳೆದುಕೊಂಡಳು, ಹೊರಟಳು. ಮೊದಲ ಮನೆಗೆ ಅರ್ಧ ಗಂಟೆ ತಡವಾಗಿತ್ತು.

ಅವಳು ನರ್ಸ್. ಆಸ್ಪತ್ರೆಯೊಳಗೆ ಅಲ್ಲ, ಮನೆಮನೆಗೆ ಹೋಗಿ ಗಾಯ ಕಟ್ಟುವ ನರ್ಸ್. ಕಾಲಿನ ಹುಣ್ಣು ವರ್ಷದಿಂದ ಒಣಗದ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು, ಮಲಗಿದಲ್ಲೇ ಬೆನ್ನು ಹುಣ್ಣಾದ ದರ್ಜಿಯ ತಾಯಿ, ಹೀಗೆ ಹದಿನಾಲ್ಕು ಮನೆ ಅವಳ ಪಾಲಿಗಿತ್ತು. ನೋವಾಗದ ಹಾಗೆ ಪಟ್ಟಿ ಬಿಚ್ಚುವುದು ಅವಳಿಗೆ ಕರಗತವಾದ ಕೆಲಸ. ಡ್ರಿಲ್ ಮೇಷ್ಟ್ರು ಬೇರೆ ಯಾರು ಬಂದರೂ ಕಾಲು ಚಾಚುತ್ತಿರಲಿಲ್ಲ. ಐದು ತಿಂಗಳ ಹಿಂದೆ ಆಸ್ಪತ್ರೆಯವರು, ಅದುವರೆಗೆ ಅವಳು ಓಡಿಸುತ್ತಿದ್ದ ತಮ್ಮ ಗಾಡಿ ನಿಲ್ಲಿಸಿಬಿಟ್ಟರು. ಸ್ವಂತ ವಾಹನ ಇದ್ದವರು ಈ ಕೆಲಸದಲ್ಲೇ ಇರಬಹುದು, ಇಲ್ಲದವರು ಸ್ಟೋರಿಗೆ ಬಂದು ಹತ್ತಿಯುಂಡೆ ಎಣಿಸಬಹುದು ಅಂದರು. ಮನೆಯಲ್ಲಿ ವ್ಯಾನು ಇತ್ತಲ್ಲ, ಅವಳು ಧೈರ್ಯವಾಗಿ ಹೂಂ ಅಂದಳು. ಆವತ್ತಿನವರೆಗೆ ಭಾನುವಾರ ಗಂಡಸರು ಓಡಿಸುತ್ತಿದ್ದ ವ್ಯಾನನ್ನು ವಾರದ ಆರು ದಿನ ಅವಳು ಓಡಿಸತೊಡಗಿದಳು. ಎರಡು ತಿಂಗಳು ಚೆನ್ನಾಗಿಯೇ ಓಡಿತು. ಮೂರನೇ ತಿಂಗಳಿಂದ ಹಿಡಿಯಿತು ಈ ಪೀಡೆ.

ಆ ಮನೆಯ ಗಂಡಸರ ವಿಷಯ ಇಲ್ಲೇ ಹೇಳಿಬಿಡಬೇಕು. ಮೂವರೂ ಬಾಗಿಲ ಚೌಕಟ್ಟಿಗೆ ತಲೆ ತಗುಲುವ ಆಳುಗಳು. ಮಾವ ರೈಲಿನಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು. ಮೂವತ್ತೈದು ವರ್ಷ ಜನರ ಕುಂಟು ನೆಪ ಕೇಳಿ ಕೇಳಿ, ಯಾರು ಏನು ಹೇಳಿದರೂ ಸುಳ್ಳೆಂದೇ ಶುರುಮಾಡುವ ಅಭ್ಯಾಸ. ಗಂಡ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪ್ರಯೋಗ ಮಾಡದೆ ಏನನ್ನೂ ಒಪ್ಪಬೇಡಿ ಎಂದು ಮಕ್ಕಳಿಗೆ ಹೇಳುವುದೇ ಅವನ ಸಂಬಳದ ಕೆಲಸ. ಮನೆಗೆ ಬಂದರೆ ಪ್ರಯೋಗವೂ ಇಲ್ಲ, ಗೀಯೋಗವೂ ಇಲ್ಲ, ತೀರ್ಪು ಮಾತ್ರ. ಮೈದುನನಿಗೆ ಮೊಬೈಲ್ ರಿಪೇರಿ ಅಂಗಡಿ. ಅದರಿಂದಾಗಿ ತಂತಿ ಇರುವ ಜಗತ್ತಿನ ಸಮಸ್ತ ವಸ್ತುಗಳೂ ತನಗೆ ಗೊತ್ತು ಎಂಬ ಭ್ರಮೆ. ಇವರ ನಡುವೆ ಹಿರಿಸೊಸೆಯ ಎತ್ತರ ಐದಡಿಗೆ ಮೂರು ಬೆರಳು ಕಡಿಮೆ.

ಮೊದಲ ಸಲ ವ್ಯಾನು ನಿಂತಾಗ ಗಂಡನಿಗೆ ಫೋನ್ ಮಾಡಿದ್ದಳು. ಅವನು ಪಾಠ ಬಿಟ್ಟು ಬಂದ, ಸೀಟು ಹಿಂದಕ್ಕೆ ತಳ್ಳಿ ಕೂತ, ಕೀ ತಿರುಗಿಸಿದ, ಹೊತ್ತಿಕೊಂಡಿತು. ಎರಡನೇ ಸಲವೂ ಅದೇ. ಮೂರನೇ ಸಲ ಮೈದುನ ಬಂದ, ಅವನಿಗೂ ಒಂದೇ ಸಲಕ್ಕೆ ಹೊತ್ತಿಕೊಂಡಿತು. "ಅತ್ತಿಗೆ, ಗಾಡಿಗೂ ಕೈಗುಣ ಗೊತ್ತಾಗುತ್ತೆ ನೋಡಿ," ಎಂದು ಹಲ್ಲು ಕಿರಿದ. ಮಾವ ಪೇಪರಿನಿಂದ ತಲೆಯೆತ್ತದೆ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದರು.

ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ನಾಲ್ಕು ಸಲ ಹೋದಳು. ಮೇಸ್ತ್ರಿ ಮೊದಲ ಸಲ ಬ್ಯಾಟರಿಯ ತುದಿಗಳನ್ನು ಉಜ್ಜಿ ಕೊಟ್ಟ. ಎರಡನೇ ಸಲ ಫಿಲ್ಟರ್ ಬದಲಿಸಿದ, ಮೂರನೇ ಸಲ ರಿಲೇ ಬದಲಿಸಿದ, ನಾಲ್ಕನೇ ಸಲ ಪೆಟ್ರೋಲು ಮೇಲೆತ್ತುವ ಪಂಪನ್ನೇ ಹೊಸದು ಹಾಕಿದ. ಪ್ರತಿ ಸಲವೂ ವ್ಯಾನನ್ನು ತಾನೇ ಒಂದು ಸುತ್ತು ಓಡಿಸಿ ಬಂದು "ಬೆಣ್ಣೆ ಹಾಗೆ ಓಡ್ತಾ ಇದೆ" ಎಂದು ಹೇಳುತ್ತಿದ್ದ. ಅವನೆದುರು ವ್ಯಾನು ಪರಮ ಸಾಧು.

"ಮೇಸ್ತ್ರಿ, ಚೆನ್ನಾಗಿರೋವಾಗ ಕೀ ಹಾಕಿದ ತಕ್ಷಣ ಹಿಂದುಗಡೆಯಿಂದ ಒಂದು ಸಣ್ಣ ಗುಂಯ್ ಅನ್ನೋ ಸದ್ದು ಬರುತ್ತೆ," ಎಂದು ಅವಳು ಒಮ್ಮೆ ಹೇಳಿ ನೋಡಿದಳು. "ನಿಂತುಹೋದಾಗ ಆ ಸದ್ದು ಬರಲ್ಲ. ನಾನು ಗಮನ ಇಟ್ಟು ಕೇಳಿದ್ದೀನಿ."

"ಅದು ಪಂಪಿನ ಸದ್ದು ಸಿಸ್ಟರ್. ಅದೆಲ್ಲ ನಿಮಗೆ ಕೇಳಿಸಲ್ಲ. ಅದಕ್ಕೆ ಇಪ್ಪತ್ತು ವರ್ಷದ ಕಿವಿ ಬೇಕು."

ಎದೆಗೆ ಕೊಳವೆಯಿಟ್ಟು ಯಾವ ಶ್ವಾಸಕೋಶದ ಯಾವ ಮೂಲೆಯಲ್ಲಿ ಕಫ ಕಟ್ಟಿದೆ ಎಂದು ಹೇಳುವವಳ ಕಿವಿಗೆ ಪಂಪು ಕೇಳಿಸುವುದಿಲ್ಲವಂತೆ. ಹೇಳಿದ್ದು ಹೇಳಿ, ಮೇಸ್ತ್ರಿ ಆ ಮೇಲೆ ಅವಳ ಗಂಡನಿಗೆ ಬೇರೆ ಫೋನ್ ಮಾಡಿದ: "ಗಾಡೀಲಿ ಏನೂ ಇಲ್ಲ ಸಾರ್. ಓಡಿಸೋ ರೀತಿ ಅಷ್ಟೆ."

ಹನ್ನೊಂದನೇ ಸಲದ ಆ ಮಂಗಳವಾರ ಸಂಜೆ ಗಂಡ ತೀರ್ಪು ಕೊಟ್ಟ. ಇನ್ನು ಒಂದೇ ಒಂದು ಸಲ ವ್ಯಾನು ನಿಂತರೂ ಅವಳು ಕೀ ಅವನ ಕೈಗೆ ಕೊಡಬೇಕು. ಮನೆಮನೆ ತಿರುಗುವುದು ಬಿಟ್ಟು ಸ್ಟೋರಿನ ಕೆಲಸಕ್ಕೆ ಒಪ್ಪಿಕೊಳ್ಳಬೇಕು.

"ನಿನ್ನ ಒಳ್ಳೇದಕ್ಕೇ ಹೇಳ್ತಾ ಇರೋದು. ದೊಡ್ಡ ರಸ್ತೇಲಿ ಲಾರಿ ಗೀರಿ ಹಿಂದಿನಿಂದ ಗುದ್ದಿದರೆ?"

"ರೀ, ಗಾಡಿ ತಾನಾಗಿ ನಿಲ್ತಾ ಇದೆ ಅಂತ ನಾನು ಹೇಳ್ತಾ ಇದ್ದೀನಲ್ಲ."

"ನೀನು ಓಡಿಸಿದಾಗ ಮಾತ್ರ ಯಾಕೆ ನಿಲ್ಲುತ್ತೆ? ಅದಕ್ಕೆ ಉತ್ತರ ಕೊಡು."

ಉತ್ತರ ಅವಳ ಹತ್ತಿರ ಇರಲಿಲ್ಲ. ಅದೇ ಅವಳನ್ನು ಸುಡುತ್ತಿತ್ತು. ಕೆಲಸ ಹೋದರೆ ಹೋಗಲಿ ಅನ್ನುವ ಹಾಗೂ ಇರಲಿಲ್ಲ. ಅವಳಿಗೆ ಚೆನ್ನಾಗಿ ಬರುವ ಕೆಲಸ ಅದೊಂದೇ ಅಂತಲ್ಲ, ಅದರಷ್ಟು ಪ್ರೀತಿಯ ಕೆಲಸ ಇನ್ನೊಂದಿರಲಿಲ್ಲ. ಕಿಟಕಿಯಿಲ್ಲದ ಸ್ಟೋರಿನಲ್ಲಿ ಕೂತು ಹತ್ತಿಯುಂಡೆ ಎಣಿಸುವುದು ಅಂದರೆ ಅವಳಿಗೆ ಬದುಕಿರುವಾಗಲೇ ಪೆಟ್ಟಿಗೆಯೊಳಗೆ ಹಾಕಿಟ್ಟ ಹಾಗೆ.

ಮಾರನೇ ದಿನವೇ ಹನ್ನೆರಡನೇ ಸಲ ಬಂತು, ಅದೂ ಸಾಕ್ಷಿಯ ಎದುರಿಗೆ. ಅತ್ತೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು, ಹಿಂದಿನ ಸೀಟಿನಲ್ಲಿ ಕೂತಿದ್ದರು. ನೀರಿನ ಟ್ಯಾಂಕಿನ ಪಕ್ಕದ ಉಬ್ಬು ದಾಟುತ್ತಿದ್ದಂತೆ ಎಂಜಿನ್ ಸತ್ತಿತು. ಹಿರಿಸೊಸೆಯ ಕೈ ಸ್ಟಿಯರಿಂಗಿನ ಮೇಲೆಯೇ ಇತ್ತು, ಎಡಗಾಲು ಕ್ಲಚ್ಚಿನ ಹತ್ತಿರವೂ ಇರಲಿಲ್ಲ.

"ಅತ್ತೆ, ನೋಡಿದ್ರಲ್ಲ? ತಾನಾಗೇ ನಿಂತಿತು. ನಾನೇನಾದ್ರೂ ಮಾಡಿದ್ನಾ?"

"ಇಲ್ಲ ಕಣೇ. ತಾನಾಗೇ ನಿಂತಿತು," ಎಂದರು ಅತ್ತೆ, ಸ್ಪಷ್ಟವಾಗಿ.

ಅವಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ನಿಂತ ಗಾಡಿಯಲ್ಲೇ ನಕ್ಕಳು. ಮೈದುನ ಬಂದು ಎಂದಿನಂತೆ ಒಂದೇ ಸಲಕ್ಕೆ ಹೊತ್ತಿಸಿ ಕೊಟ್ಟು ಹೋದ. ಆದರೆ ಸಂಜೆ ಗಂಡಸರ ಸಭೆ ಸೇರಿ, "ಅಮ್ಮ, ನೀನು ನೋಡಿದೆಯಾ?" ಎಂದು ಕೇಳಿದಾಗ ಅತ್ತೆಯ ಮಾತು ಬೇರೆಯಾಗಿತ್ತು. ಒಮ್ಮೆ ಯಜಮಾನರ ಮುಖ ನೋಡಿದರು, ಒಮ್ಮೆ ಮಗನ ಮುಖ ನೋಡಿದರು. "ನಾನು ಹಿಂದೆ ಕೂತಿದ್ದೆನಪ್ಪ. ಕಣ್ಣಿಗೆ ಬೇರೆ ಔಷಧಿ ಹಾಕಿದ್ರು. ನಂಗೇನು ಗೊತ್ತಾಗುತ್ತೆ?"

ಔಷಧಿ ಹಾಕಿದ್ದು ವ್ಯಾನು ನಿಂತ ಒಂದು ಗಂಟೆಯ ಮೇಲೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ನಲವತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸು. ಹಿರಿಸೊಸೆ ಅವರನ್ನೊಮ್ಮೆ ನೋಡಿದಳು, ಅಷ್ಟೆ.

ಆದರೂ ಅವಳು ಸುಮ್ಮನಿರಲಿಲ್ಲ. ತನ್ನ ಚೀಲದಿಂದ ಒಂದು ಚಾರ್ಟು ತೆಗೆದು ಗಂಡನ ಮುಂದೆ ಹರಡಿದಳು. ಜ್ವರದ ರೋಗಿಗೆ ಹೇಗೆ ಬರೆದಿಡುತ್ತಾರೋ ಹಾಗೆ ವ್ಯಾನಿನ ಹನ್ನೆರಡು ನಿಲುಗಡೆಯನ್ನೂ ಅವಳು ಬರೆದಿಟ್ಟಿದ್ದಳು. ದಿನ, ಹೊತ್ತು, ಬಿಸಿಲೋ ಮೋಡವೋ, ಯಾವ ರಸ್ತೆ, ಯಾವ ಗೇರು, ಟ್ಯಾಂಕಿನಲ್ಲಿ ಪೆಟ್ರೋಲೆಷ್ಟು, ಎಷ್ಟು ಹೊತ್ತಿಗೆ ಮತ್ತೆ ಹೊತ್ತಿಕೊಂಡಿತು, ಯಾರ ಕೈಯಲ್ಲಿ ಹೊತ್ತಿಕೊಂಡಿತು.

"ನೋಡಿ, ಬಿಸಿಲಲ್ಲೂ ನಿಂತಿದೆ, ತಂಪಲ್ಲೂ ನಿಂತಿದೆ. ಮೊದಲನೇ ಗೇರಲ್ಲೂ ನಿಂತಿದೆ, ಮೂರನೇದರಲ್ಲೂ ನಿಂತಿದೆ. ಕ್ಲಚ್ಚಿನ ತಪ್ಪಾಗಿದ್ರೆ ಹೀಗೆ ಆಗುತ್ತಾ? ನೀವೇ ಹೇಳಿ, ನೀವು ವಿಜ್ಞಾನದ ಮೇಷ್ಟ್ರು."

ಗಂಡ ಕನ್ನಡಕ ಏರಿಸಿಕೊಂಡು, ಪರೀಕ್ಷೆ ಪೇಪರ್ ತಿದ್ದುವವನ ಹಾಗೆ ಸಾಲುಸಾಲಾಗಿ ಬೆರಳಾಡಿಸಿದ. ಕೊನೆಗೆ ಒಂದೇ ಒಂದು ಸಾಲಿನ ಮೇಲೆ ಬೆರಳಿಟ್ಟ. 'ಓಡಿಸುತ್ತಿದ್ದವರು' ಎಂಬ ಸಾಲು. ಹನ್ನೆರಡು ಸಲಕ್ಕೂ ಒಂದೇ ಉತ್ತರ: ನಾನು, ನಾನು, ನಾನು.

"ಎಲ್ಲಾ ಬದಲಾಗ್ತಾ ಇದೆ. ಇದೊಂದು ಮಾತ್ರ ಬದಲಾಗಲ್ಲ. ಬೇರೆ ಸಾಕ್ಷಿ ಬೇಕಾ? ನೀನೇ ಬರೆದು ಕೊಟ್ಟಿದ್ದೀಯ."

ಮೈದುನ ಕೈ ತಟ್ಟಿ ನಕ್ಕ. ಮಾವ ಪೇಪರಿನ ಹಿಂದೆ ಗಂಟಲು ಸರಿಪಡಿಸಿಕೊಂಡರು. ತನ್ನ ಕೈಯಾರೆ ಬರೆದದ್ದೇ ತನಗೆ ಮುಳುವಾದದ್ದನ್ನು ನೋಡುತ್ತ ಹಿರಿಸೊಸೆ ನಿಂತಿದ್ದಳು. ಕೀ ಅವನ ಜೇಬಿಗೆ ಹೋಯಿತು. ಬಹಳ ಕೇಳಿಕೊಂಡ ಮೇಲೆ ಶನಿವಾರ ಒಂದು ದಿನಕ್ಕೆ ಕೊಡಲು ಒಪ್ಪಿದ. "ಕೊನೇ ಸಲ ಮೇಸ್ತ್ರಿಗೆ ತೋರಿಸ್ಕೊಂಡು ಬಾ. ಅಲ್ಲಿಗೆ ಈ ಕಥೆ ಮುಗೀಬೇಕು."

ಮುಂದಿನ ಎರಡು ದಿನ ಅವಳು ಬಸ್ಸಿನಲ್ಲಿ, ನಡೆದು, ಹದಿನಾಲ್ಕು ಮನೆಯಲ್ಲಿ ಐದನ್ನು ಮುಟ್ಟಿದಳು. ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿ ಹಿಡಿದು, ಮುಂದೆ ತಾನು ಕೂರಬೇಕಾದ ಆ ಸ್ಟೋರಿಗೇ ಹೋಗಿ ಕೂತಳು. ನೋಡೇ ಬಿಡೋಣ ಎಂಬ ಹಟ. ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೂ ಇದ್ದವು. ಒಂದು ವೇಳೆ ಅವರೆಲ್ಲ ಹೇಳುವುದು ನಿಜವೇ ಇದ್ದರೆ? ತನಗೇ ತಿಳಿಯದ ಹಾಗೆ ತನ್ನ ಕಾಲು ಏನಾದರೂ ಮಾಡುತ್ತಿದ್ದರೆ? ಮೂರು ತಿಂಗಳು ನಾಲ್ಕು ಬಾಯಿ ಒಂದೇ ಮಾತು ಹೇಳಿದರೆ ಎಂಥವರಿಗೂ ತಮ್ಮ ಕೈಕಾಲಿನ ಮೇಲೆ ಅನುಮಾನ ಹುಟ್ಟುತ್ತದೆ. ಹಾಗೆ ಅನುಮಾನ ಹುಟ್ಟಿಸಿದ್ದಕ್ಕೇ ಆ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಕೇಳಬೇಕು.

ಚಾರ್ಟನ್ನು ಮತ್ತೆ ಬಿಡಿಸಿದಳು. ನಾನು, ನಾನು, ನಾನು. ನೋಡುತ್ತ ನೋಡುತ್ತ ಅವಳೊಳಗಿನ ನರ್ಸಿಗೆ ಎಚ್ಚರವಾಯಿತು. ಡ್ರಿಲ್ ಮೇಷ್ಟ್ರ ಹುಣ್ಣು ಆಸ್ಪತ್ರೆಯಲ್ಲಿದ್ದಾಗ ಒಣಗುತ್ತಿತ್ತು, ಮನೆಗೆ ಹೋದರೆ ಒಡೆಯುತ್ತಿತ್ತು. ಡಾಕ್ಟರು, ಆತ ಕೆರೆದುಕೊಳ್ಳುತ್ತಾನೆ ಎಂದು ಬೈದಿದ್ದರು. ಅವಳು ಬೈಯಲಿಲ್ಲ. ಮನೆಗೆ ಹೋಗಿ, ಮಂಚ ನೋಡಿ, ಮಂಚದ ಕಬ್ಬಿಣದ ಅಂಚು ಸರಿಯಾಗಿ ಹುಣ್ಣಿಗೇ ಒತ್ತುವುದನ್ನು ಕಂಡುಹಿಡಿದಿದ್ದಳು. ಈ ಸಾಲನ್ನು ಗಂಡ ತೀರ್ಪಿನ ಹಾಗೆ ಓದಿದ್ದ. ಅದು ತೀರ್ಪಲ್ಲ, ರೋಗದ ಲಕ್ಷಣ. ಪ್ರಶ್ನೆ ಏನೆಂದರೆ, ಅವರ್ಯಾರೂ ಮಾಡದ್ದು, ತಾನೊಬ್ಬಳೇ ಮಾಡುವುದು ಆ ವ್ಯಾನಿನೊಳಗೆ ಏನಿದೆ?

ಶನಿವಾರ ಅವಳು ಮೇಸ್ತ್ರಿಯ ಹತ್ತಿರ ಹೋಗಲಿಲ್ಲ. ಬಸ್ ಡಿಪೋದ ಹಿಂಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಗಾಡಿಗಳ ವೈರಿಂಗ್ ಮಾತ್ರ ಮಾಡುವ ಒಬ್ಬನಿದ್ದ. ಅವನ ಉದ್ದಕ್ಕೆ ಎಲ್ಲರೂ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ಅವನ ತಾಯಿಯ ಸುಟ್ಟ ಗಾಯಕ್ಕೆ ಹಿಂದೊಮ್ಮೆ ಅವಳು ಎರಡು ತಿಂಗಳು ಪಟ್ಟಿ ಕಟ್ಟಿದ್ದಳು. ಏಣಿ ಅವಳ ಮಾತು ಪೂರ್ತಿ ಕೇಳಿದ. ನಡುವೆ ಬಾಯಿ ಹಾಕಲಿಲ್ಲ. ಗುಂಯ್ ಸದ್ದಿನ ಸಂಗತಿ ಬಂದಾಗ ಮಾತ್ರ, "ಸದ್ದು ಬರೋದೇ ಇಲ್ವಾ? ಸಣ್ಣದಾಗೂ ಬರಲ್ವಾ?" ಎಂದು ಎರಡು ಸಲ ಕೇಳಿದ.

"ಬರೋದೇ ಇಲ್ಲ."

"ಹಾಗಿದ್ರೆ ಪಂಪಿಗೆ ಕರೆಂಟೇ ಹೋಗ್ತಿಲ್ಲ. ಪಂಪು ಬದಲಾಯಿಸಿ ಏನು ಬಂತು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದಾನೆ. ಕೊಡಿ ಸಿಸ್ಟರ್ ಕೀ, ಒಂದು ಸುತ್ತು ಹೋಗಿ ಬರ್ತೀನಿ."

ಏಣಿ ಬಾಗಿಲು ತೆಗೆದ. ಬಗ್ಗಿದ. ಕೈ ತಾನಾಗಿ ಸೀಟಿನ ಕೆಳಗಿನ ಲಿವರಿಗೆ ಹೋಯಿತು.

"ಮುಟ್ಟಬೇಡಿ!"

ಶೆಡ್ಡಿನ ತಗಡು ನಡುಗುವ ಹಾಗೆ ಬಂತು ಅವಳ ದನಿ. ಏಣಿ ಕೈ ಎಳೆದುಕೊಂಡ.

"ನಾನು ಹೇಗೆ ಓಡಿಸ್ತೀನೋ ಹಾಗೇ ಓಡಿಸಬೇಕು. ಬೆನ್ನಿಗೆ ಆ ದಿಂಬೂ ಇರ್ಲಿ. ಪೆಟ್ಟಿಗೆ ಪಕ್ಕದಲ್ಲೇ ಇರ್ಲಿ. ಕನ್ನಡಿ ತಿರುಗಿಸಬೇಡಿ, ಸೀಟು ಸರಿಸಬೇಡಿ. ಮೂರು ತಿಂಗಳಿಂದ ಬಂದವರೆಲ್ಲ ಅವರವರ ಥರ ಕೂತು ಓಡಿಸಿ, ಗಾಡಿ ಚೆನ್ನಾಗಿದೆ ಅಂತ ಹೇಳಿ ಹೋಗಿದ್ದಾರೆ. ನನ್ನ ಥರ ಕೂತು ನೋಡಿದವರು ಒಬ್ಬರೂ ಇಲ್ಲ."

"ಸಿಸ್ಟರ್, ನಾನು ಇದರೊಳಗೆ ಹಿಡಿಯಲ್ಲ!"

"ಹಿಡಿಸ್ಕೊಳ್ಳಿ."

ಆರಡಿ ಮೇಲಿನ ಆಸಾಮಿ ಬಟ್ಟೆ ಮಡಿಸಿದ ಹಾಗೆ ತನ್ನನ್ನು ತಾನು ಮಡಿಸಿಕೊಂಡು ಒಳಗೆ ಸೇರಿದ. ಮೊಣಕಾಲು ಎರಡೂ ಸ್ಟಿಯರಿಂಗಿನ ಆಚೀಚೆ, ಗಲ್ಲ ಹಾರ್ನಿನ ಮೇಲೆ. ಹಿಂದಿನ ಸೀಟಿನಲ್ಲಿ ಅವಳು ಕೂತಳು. ವ್ಯಾನು ಡಿಪೋದ ಗೋಡೆಯ ಉದ್ದಕ್ಕೂ ತೆವಳಿತು. ಏಣಿ ದೇವರನ್ನೂ ದೆವ್ವವನ್ನೂ ಒಟ್ಟಿಗೇ ನೆನೆಯುತ್ತಿದ್ದ. ಗೋಡೆ ಮುಗಿಯುವಲ್ಲಿ ಒಂದು ಗುಂಡಿ ಇತ್ತು. ಮುಂದಿನ ಚಕ್ರ ಅದರಲ್ಲಿ ಇಳಿದು ಏರಿತು. ಎಂಜಿನ್ ನಿಂತಿತು.

ಏಣಿ ಕೀ ತಿರುಗಿಸಿದ. ಕರಕರ. ಕಿವಿಗೊಟ್ಟ. ಹಿಂದಿನಿಂದ ಗುಂಯ್ ಇಲ್ಲ.

"ಸಿಸ್ಟರ್," ಎಂದ, ಗಲ್ಲ ಹಾರ್ನಿನ ಮೇಲಿಟ್ಟೇ, "ನಿಮ್ಮ ಗಾಡಿ ನಿಂತೋಯ್ತು."

ಅವಳು ಮುಖಕ್ಕೆ ಸೆರಗು ಹಿಡಿದುಕೊಂಡು ಅತ್ತುಬಿಟ್ಟಳು. ಗಾಡಿ ಕೆಟ್ಟು ನಿಂತದ್ದಕ್ಕೆ ಆನಂದದಿಂದ ಅತ್ತವರು ಆ ರಸ್ತೆಯಲ್ಲಿ ಅದುವರೆಗೆ ಯಾರೂ ಇರಲಿಕ್ಕಿಲ್ಲ.

ಮುಂದಿನದು ಅರ್ಧ ಗಂಟೆಯ ಕೆಲಸ. ಏಣಿ ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು, ಪಂಪಿಗೆ ಹೋಗುವ ತಂತಿಗೆ ಒಂದು ಸಣ್ಣ ಬಲ್ಬು ಸಿಕ್ಕಿಸಿದ. ಕರೆಂಟು ಇದ್ದರೆ ಬಲ್ಬು ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಕೀ ಹಾಕಿಟ್ಟು, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಸಿ, ಅಲ್ಲಿಂದ ಸೀಟಿನ ಹಳಿಯ ಒಂದೊಂದೇ ಹಲ್ಲು ಮುಂದಕ್ಕೆ ತರಲು ಅವಳಿಗೆ ಹೇಳಿದ. ಕಟಕ್, ಬಲ್ಬು ಉರಿಯಿತು. ಕಟಕ್, ಉರಿಯಿತು. ಆರನೇ ಹಲ್ಲಿಗೆ ಬಲ್ಬು ಮಿಣುಕಿತು. ಏಳನೆಯದು ಅವಳ ಹಲ್ಲು, ಅವಳು ದಿನಾ ಕೂರುವ ಜಾಗ. ಸೀಟನ್ನು ಒಮ್ಮೆ ಅಲುಗಿಸಿದರೆ ಸಾಕು, ಬಲ್ಬು ಆರಿಹೋಯಿತು.

ಏಣಿ ನೆಲಕ್ಕೆ ಮಲಗಿ ಟಾರ್ಚು ಹಾಕಿದ. ಪಂಪಿನ ತಂತಿ ಸೀಟಿನ ಕೆಳಗಿನಿಂದ ಹಿಂದಕ್ಕೆ ಹೋಗುತ್ತಿತ್ತು. ಯಾರೋ ಅದನ್ನು ನಡುವೆ ಕತ್ತರಿಸಿ, ಎರಡು ತುದಿಗೂ ಬೇರೆ ತಂತಿ ಸೇರಿಸಿ ಮೇಲೆತ್ತಿ, ಆ ಎರಡನ್ನೂ ಬರಿಗೈಯಲ್ಲಿ ಒಂದಕ್ಕೊಂದು ತಿರುಚಿ, ಟೇಪು ಸುತ್ತಿ, ಸದ್ದು ಮಾಡದಿರಲೆಂದು ಸೀಟಿನ ಕಬ್ಬಿಣಕ್ಕೆ ಬಿಗಿದಿದ್ದರು. ಸೀಟು ಹಿಂದಿದ್ದರೆ ತಂತಿ ಸಡಿಲ. ಸೀಟು ಮುಂದೆ ಬಂದರೆ ತಂತಿ ಜಗ್ಗಿ ಗಂಟು ಬಿಡುತ್ತಿತ್ತು.

"ಇದು ಕಂಪನಿ ವೈರಲ್ಲ," ಎಂದ ಏಣಿ. "ಕಳ್ಳತನ ತಪ್ಪಿಸೋಕೆ ಅಂತ ಒಂದು ಡಬ್ಬಿ ಹಾಕ್ತಾರೆ ನೋಡಿ, ಅದಕ್ಕೆ ಎಳೆದದ್ದು. ಡಬ್ಬಿ ಕಿತ್ತು ಹಾಕಿ ತಂತಿ ಹೀಗೇ ಬಿಟ್ಟಿದ್ದಾರೆ. ಕಸುಬಿನವನು ಯಾವನೂ ಹೀಗೆ ತಿರುಚಿ ಬಿಡಲ್ಲ. ಮನೆಯವರು ಯಾರಾದ್ರೂ ಕೈ ಹಾಕಿದ್ರಾ?"

ಅವಳಿಗೆ ನೆನಪಾಯಿತು. ಮೂರು ವರ್ಷದ ಹಿಂದೆ ಮೈದುನ ಅಂಥದೊಂದು ಡಬ್ಬಿ ಕೂರಿಸಲು ಇಡೀ ಒಂದು ಭಾನುವಾರ ವ್ಯಾನಿನೊಳಗೆ ತಲೆ ಹುದುಗಿಸಿ ಕೂತಿದ್ದು. ಆಮೇಲೆ ಅದರ ರಿಮೋಟ್ ಕಳೆದುಹೋಗಿ, ವ್ಯಾನು ಅಂಗಳದಲ್ಲೇ ಬೀಗ ಬಿದ್ದು ಕೂತಿದ್ದು. ಅಣ್ಣತಮ್ಮ ಸೇರಿ ಆ ಡಬ್ಬಿ ಕಿತ್ತದ್ದು. ಅಂದು ಇಬ್ಬರಿಗೂ ಟೀ ಮಾಡಿ ತಂದುಕೊಟ್ಟವಳು ಅವಳೇ. ಮೂಗಿನ ತುದಿ ಕೆಂಪಾಗತೊಡಗಿತು.

ಏಣಿ ತಂತಿಯನ್ನು ಮೊದಲಿನ ದಾರಿಗೇ ಹಾಕಿ, ಬೆಸುಗೆ ಹಾಕಿ, ಕೊಳವೆಯೊಳಗೆ ಕೂರಿಸಿ ಕೊಟ್ಟ. ಕತ್ತರಿಸಿ ತೆಗೆದ ಗಂಟನ್ನು ಅವಳು ಪೆಟ್ಟಿಗೆಯಲ್ಲಿಟ್ಟುಕೊಂಡಳು. ಬರುವಾಗ ನೀರಿನ ಟ್ಯಾಂಕಿನ ಉಬ್ಬಿನ ಮೇಲೆ ಮೂರು ಸಲ ಹತ್ತಿಸಿ ಇಳಿಸಿದಳು. ವ್ಯಾನು ತುಟಿಪಿಟಿಕ್ಕೆನ್ನದೆ ದಾಟಿತು.

ಮನೆಯಲ್ಲಿ ಎಲ್ಲರೂ ಇದ್ದರು. ಊಟದ ಮೇಜಿನ ಮೇಲೆ ಅವಳು ತಂತಿಯ ಗಂಟನ್ನು ಇಟ್ಟಳಷ್ಟೆ, ಇನ್ನೂ ಬಾಯಿ ತೆರೆದಿರಲಿಲ್ಲ.

"ಅದಕ್ಕೆ ನಾನು ಸರಿಯಾಗೇ ಟೇಪ್ ಸುತ್ತಿದ್ದೆ ಅತ್ತಿಗೆ," ಎಂದ ಮೈದುನ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಿದ್ದ.

ಅವಳು ನಡೆದದ್ದೆಲ್ಲ ಹೇಳಿದಳು. ಬಲ್ಬು, ಏಳನೇ ಹಲ್ಲು, ಎಲ್ಲವನ್ನೂ. ಹೇಳಿ ಮುಗಿಸಿ ಕಾದಳು. ಏನು ಕಾದಳೋ! ತಪ್ಪಾಯಿತು ಎಂಬ ಒಂದು ಮಾತು ಆ ಮನೆಯಲ್ಲಿ ಅಷ್ಟು ಸುಲಭಕ್ಕೆ ಸಿಗುತ್ತದೆಯೇ?

ಮೊದಲು ಮಾವ ಬಾಯಿ ಬಿಟ್ಟರು. "ಅಂದ್ರೆ ಸೀಟನ್ನ ಅಷ್ಟು ಮುಂದಕ್ಕೆ ಎಳ್ಕೊಂಡಿದ್ದಕ್ಕೆ ಆಗಿದ್ದು."

"ಅದನ್ನೇ ನಾನೂ ಹೇಳಿದ್ದು," ಎಂದ ಗಂಡ, ಗೆದ್ದವನ ಹಾಗೆ. "ನೀನು ಓಡಿಸಿದಾಗ ಮಾತ್ರ ನಿಲ್ಲುತ್ತೆ ಅಂತ. ಸರಿ ಹೋಯ್ತಲ್ಲ?"

"ಇನ್ನೂ ಸ್ವಲ್ಪ ಉದ್ದ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ ಅತ್ತಿಗೆ," ಎಂದು ಮೈದುನನೂ ಸೇರಿಸಿದ.

ತಂತಿ ಕತ್ತರಿಸಿದವನು ಒಬ್ಬ, ಕತ್ತರಿಸುವಾಗ ಟಾರ್ಚು ಹಿಡಿದವನು ಇನ್ನೊಬ್ಬ. ಅಪರಾಧಿ ಮಾತ್ರ ಗಿಡ್ಡಗೆ ಹುಟ್ಟಿದ ಇವಳು! ಹಿರಿಸೊಸೆ ಮೇಜಿನ ಅಂಚು ಹಿಡಿದುಕೊಂಡಳು.

"ಹೋಗ್ಲಿ ಬಿಡು," ಎಂದ ಗಂಡ, ಅವಳ ಮೂಗಿನ ಕಡೆ ನೋಡಿ, ದನಿ ತಗ್ಗಿಸಿ. "ಇನ್ನು ಅದರ ಮಾತ್ಯಾಕೆ? ಹೇಗೂ ಸೋಮವಾರದಿಂದ ನೀನು ಸ್ಟೋರಲ್ಲಿ."

"ಯಾರು ಹೇಳಿದ್ದು?"

"ಬುಧವಾರ ಮಧ್ಯಾಹ್ನಾನೇ ನಿಮ್ಮ ದೊಡ್ಡ ಸಿಸ್ಟರಿಗೆ ಫೋನ್ ಮಾಡಿದ್ದೆ. ನಿನ್ನ ಮನೆಗಳನ್ನ ಬೇರೆಯವರಿಗೆ ಹಂಚೋಕೆ ಅವರಿಗೂ ಟೈಮ್ ಬೇಕಲ್ಲ."

ಶನಿವಾರದ ಗಡುವು ಕೊಡುವ ಮೊದಲೇ ಮಾಡಿದ ಫೋನು. ಆ ಒಂದು ದಿನವನ್ನು ಭಿಕ್ಷೆ ಬೇಡಿದ ಹಾಗೆ ಅವಳು ಕೇಳಿಕೊಂಡಿದ್ದಳು.

"ಏನಂತ ಹೇಳಿದ್ರಿ?" ಎಂದು ಕೇಳಿದಳು, ಬಹಳ ನಿಧಾನವಾಗಿ.

"ಏನಂತ ಅಂದ್ರೆ... ಅವಳಿಗೆ ಇನ್ನೂ ಗಾಡಿ ಕೈಗೆ ಹತ್ತಿಲ್ಲ, ಅಪಾಯ ಅಂತ."

"ಈಗ ಇನ್ನೊಂದು ಸಲ ಫೋನ್ ಮಾಡಿ. ಗಾಡಿ ಕೆಡಿಸಿದ್ದು ಯಾರು ಅಂತ ಹೇಳಿ."

"ಸೋಮವಾರ ಹೋಗ್ತೀಯಲ್ಲ, ನೀನೇ ಹೇಳ್ಕೋ."

"ನಾನು ಮೂರು ತಿಂಗಳಿಂದ ಹೇಳ್ತಾನೇ ಇದ್ದೀನಿ. ನಿಮಗೆ ಹೇಳಿದೆ, ಮೇಸ್ತ್ರಿಗೆ ಹೇಳಿದೆ, ಬರೆದು ತೋರಿಸಿದೆ. ನನ್ನ ಮಾತು ಓಡಲ್ಲ. ನಿಮ್ಮದು ಒಂದು ಫೋನಿಗೆ ಓಡುತ್ತೆ. ನೀವೇ ಹೇಳಬೇಕು. ಈಗಲೇ."

ಮಾವ ಪೇಪರ್ ಕೈಗೆತ್ತಿಕೊಂಡರು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಬಂದು, ಕಪಾಟಿನ ಮೇಲಿದ್ದ ಫೋನು ತೆಗೆದು ಮಗನ ಕೈಗಿಟ್ಟರು. "ಮಾಡಪ್ಪ. ಅವತ್ತು ಗಾಡಿ ತಾನಾಗೇ ನಿಂತಿದ್ದು. ಕಣ್ಣಾರೆ ನೋಡಿ ಸುಳ್ಳು ಹೇಳ್ದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ," ಎಂದರು. ಯಜಮಾನರ 'ಏಯ್' ಎಂಬ ಗದರಿಕೆಗೆ ತಿರುಗಿಯೂ ನೋಡಲಿಲ್ಲ.

ಗಂಡ ನಂಬರು ಒತ್ತಿದ. ಸ್ಪೀಕರಿಗೆ ಹಾಕಲು ಅವಳು ಬೆರಳಲ್ಲೇ ತೋರಿಸಿದಳು. ದೊಡ್ಡ ಸಿಸ್ಟರ್ ಎತ್ತಿಕೊಂಡರು. "ವ್ಯಾನು ರಿಪೇರಿ ಆಯ್ತು ಸಿಸ್ಟರ್," ಎಂದು ಅವನು ಶುರುಮಾಡಿದ.

"ಅದಲ್ಲ," ಎಂದಳು ಹಿರಿಸೊಸೆ.

ಅವನು ತೊದಲಿದ. ಬೆವರೊರೆಸಿಕೊಂಡ. ಹೈಸ್ಕೂಲಿನಲ್ಲಿ ಗಂಟೆಗಟ್ಟಲೆ ಮಾತಾಡುವ ನಾಲಿಗೆ ಆ ನಾಲ್ಕು ವಾಕ್ಯಕ್ಕೆ ಹತ್ತು ಕಡೆ ಎಡವಿತು. ತಂತಿ ಕತ್ತರಿಸಿದ್ದು ತಾವು, ಸರಿಯಾಗಿ ಸೇರಿಸದೆ ಬಿಟ್ಟದ್ದು ತಾವು, ತಪ್ಪು ಅವಳದಲ್ಲ, ಅವಳು ಹೇಳಿದ್ದೇ ನಿಜ. ಕೊನೆಯ ಮಾತನ್ನು ಅವಳು ಎರಡು ಸಲ ಹೇಳಿಸಿದಳು, ಮೊದಲನೇ ಸಲ ಕೇಳಿಸುವ ಹಾಗೆ ಹೇಳಿರಲಿಲ್ಲ.



"ಅವಳು ನನಗೂ ಹೇಳಿದ್ಲು ಸರ್, ಎರಡು ಸಲ," ಎಂದರು ದೊಡ್ಡ ಸಿಸ್ಟರ್. "ನಾನು ತಲೆಗೆ ಹಾಕ್ಕೊಳ್ಳಲಿಲ್ಲ. ನಿಮ್ಮ ಫೋನ್ ಬಂದಾಗ ಮಾತ್ರ ತಕ್ಷಣ ನಂಬಿಬಿಟ್ಟೆ. ಅವಳನ್ನ ಕರೆದು ಒಂದು ಮಾತು ಕೇಳಲಿಲ್ಲ. ಆಯ್ತು. ಹದಿನಾಲ್ಕು ಮನೆಯೂ ಅವಳದೇ. ಸೋಮವಾರ ಎಂಟು ಗಂಟೆಗೆ ಅವಳನ್ನ ಕಳಿಸಿಕೊಡಿ."

ಗಂಡ ಹೂಂ ಅನ್ನಲು ಬಾಯಿ ತೆರೆದ. ಅವಳು ಕೈ ಚಾಚಿ ಫೋನು ತೆಗೆದುಕೊಂಡಳು.

"ಯಾರೂ ಕಳಿಸಬೇಕಾಗಿಲ್ಲ ಸಿಸ್ಟರ್," ಎಂದಳು. "ನಾನೇ ಬರ್ತೀನಿ."